ಅಲ್ಲಗಳೆದರೆ ಸಾಕೇ?

ವಾಮಂಜೂರಿನಲ್ಲಿ ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೆಯ ತರಗತಿಗೆ ವಿಜ್ಞಾನ ಪಾಠ ಮಾಡುತ್ತಾ ನಾನು ಕಪ್ಪುಹಲಗೆಯಲ್ಲಿ ಬರೆದೆ: ‘ಕೊಳೆತ ಮಾಂಸದಲ್ಲಿ ಹುಳುಗಳು ತಾವಾಗಿಯೇ ಹುಟ್ಟುತ್ತವೆ ಎಂಬುದನ್ನು ಇಟಲಿಯ ರೆಡಿ 1668ರಲ್ಲಿ ಅಲ್ಲಗಳೆದರು.’

ಒಬ್ಬಳು ಎದ್ದು ನಿಂತಳು. “ಟೀಚರ್, ಮೀನಿನಲ್ಲಿ ಹುಳ ತಾನಾಗಿಯೇ ಆಗ್ತದೆ ಅಂತ ಅಜ್ಜಿ ಹೇಳಿದ್ರು. ನಾನು ‘ಇಲ್ಲ’ ಅಂದೆ. ನಾನೂ ಅಲ್ಲಗಳೆದ ಹಾಗಾಯ್ತಲ್ಲ?”

ಹೌದು. ತಪ್ಪಿದ್ದದ್ದು ನನ್ನ ಕ್ರಿಯಾಪದದಲ್ಲಿ. ಅಲ್ಲಗಳೆಯಲು ಬಾಯಿಮಾತು ಸಾಕು. ಸುಳ್ಳೆಂದು ಸಾಬೀತುಪಡಿಸಲು ಪುರಾವೆ ಬೇಕು. ರೆಡಿ ಮಾಂಸದ ಕೆಲವು ಜಾಡಿಗಳನ್ನು ತೆರೆದಿಟ್ಟು, ಕೆಲವಕ್ಕೆ ತೆಳುಬಟ್ಟೆ ಕಟ್ಟಿದ್ದರು. ನೊಣ ಮುಟ್ಟದ ಮಾಂಸದಲ್ಲಿ ಹುಳುವಾಗಲಿಲ್ಲ.

ಮರುದಿನ ಮೂರು ವಾಕ್ಯಗಳನ್ನು ಕೊಟ್ಟೆ:

1. ಅವಳು ಆಹ್ವಾನವನ್ನು ನಿರಾಕರಿಸಿದಳು.
2. ಆರೋಪಿಯು ಆರೋಪವನ್ನು ಅಲ್ಲಗಳೆದನು.
3. ರೆಡಿ ಆ ನಂಬಿಕೆಯನ್ನು ಪ್ರಯೋಗದಿಂದ ಸುಳ್ಳೆಂದು ಸಾಬೀತುಪಡಿಸಿದರು.

‘ಯಾವುದರಿಂದ?’ ಎಂದು ಕೇಳಿದರೆ ಮೂರನೆಯ ವಾಕ್ಯ ಮಾತ್ರ ಉತ್ತರ ಕೊಡುತ್ತದೆ. ಮಕ್ಕಳಿಗೆ ಅದನ್ನೇ ಅಳತೆಗೋಲಾಗಿ ಕೊಟ್ಟೆ. ಆ ಹುಡುಗಿ ಪುಸ್ತಕದಲ್ಲಿ ಬರೆದಿದ್ದಳು: ‘ನಾನು ಅಜ್ಜಿಯ ಮಾತನ್ನು ಅಲ್ಲಗಳೆದೆ. ಇನ್ನೂ ಸುಳ್ಳೆಂದು ಸಾಬೀತುಪಡಿಸಿಲ್ಲ.’ ಎರಡೂ ಕ್ರಿಯಾಪದಗಳು ಸರಿಯಾದ ಜಾಗದಲ್ಲಿದ್ದವು.