ಪರೀಕ್ಷೆ ಮತ್ತು ಬಾಯಿ ಹುಣ್ಣು

ಪುಟ್ಟಿ,

ಪರೀಕ್ಷೆ ಹತ್ತಿರ ಬಂದರೆ ಸಾಕು ಬಾಯಿ ಹುಣ್ಣು, ಹಾಸ್ಟೆಲಿನಲ್ಲಿ ಮೂರು ಹೊತ್ತೂ ಮೊಸರನ್ನ ಎಂದು ಬರೆದಿದ್ದೀಯ. ನಿಮ್ಮಮ್ಮನ ಪ್ರಕಾರ ಅದು ಉಷ್ಣ. ಎಳನೀರು ಕುಡಿ, ತಪ್ಪೇನಿಲ್ಲ. ಆದರೆ ಅಮೆರಿಕದ ಓಹಾಯೊದಲ್ಲಿ ನಿನ್ನ ವಯಸ್ಸಿನವರ ಬಾಯಲ್ಲೇ ಒಂದು ಪ್ರಯೋಗ ನಡೆದಿದೆ, ಕೇಳು.

11 ಮಂದಿ ದಂತವೈದ್ಯಕೀಯ ವಿದ್ಯಾರ್ಥಿಗಳು ಒಪ್ಪಿ ಬಂದಿದ್ದರು. ಬೇಸಿಗೆ ರಜೆಯಲ್ಲಿ ಒಬ್ಬೊಬ್ಬರ ಅಂಗುಳಲ್ಲೂ ಮೂರೂವರೆ ಮಿಲಿಮೀಟರಿನ, ಅಂದರೆ ಕೊತ್ತಂಬರಿ ಬೀಜದಷ್ಟು ಗಾಯ ಮಾಡಿದರು. ದಿನಾ ಫೋಟೊ ತೆಗೆದರು. ಹೈಡ್ರೋಜನ್ ಪೆರಾಕ್ಸೈಡ್ ತಾಗಿಸಿ ಇನ್ನೂ ನೊರೆ ಬರುತ್ತದೆಯೇ ಎಂದು ನೋಡಿದರು. ಆಮೇಲೆ, ದೊಡ್ಡ ಪರೀಕ್ಷೆಗೆ ಮೂರು ದಿನ ಇರುವಾಗ, ಅಂಗುಳಿನ ಇನ್ನೊಂದು ಬದಿಗೆ ಅಷ್ಟೇ ಗಾಯ. ಈ ಸಲ ಮಾಯಲು ಸರಾಸರಿ ಶೇ. 40ರಷ್ಟು ಹೆಚ್ಚು ಕಾಲ ಹಿಡಿಯಿತು. ಹನ್ನೊಂದೇ ಜನ, ನಿಜ. ಆದರೆ ಒಬ್ಬರಿಗೂ ಪರೀಕ್ಷೆಯ ಗಾಯ ಬೇಗ ಮಾಯಲಿಲ್ಲ. ಇದು ಪ್ರಕಟವಾದದ್ದು 1998ರಲ್ಲಿ.

ಅದಕ್ಕೂ ಮೂರು ವರ್ಷ ಮೊದಲು ಅಲ್ಲಿಯ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಮರೆವಿನ ಕಾಯಿಲೆಯವರ ಆರೈಕೆಯಲ್ಲಿದ್ದ 13 ಹೆಂಗಸರನ್ನು ಪರೀಕ್ಷಿಸಿದ್ದರು. ಅವರ ತೋಳಿಗೆ ಮಾಡಿದ ಗಾಯ ಮಾಯಲು, ಅಂಥ ಆರೈಕೆಯ ಹೊರೆ ಇಲ್ಲದವರಿಗಿಂತ ಒಂಬತ್ತು ದಿನ ಹೆಚ್ಚು ಬೇಕಾಯಿತು. ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಾಗ ನಿಮ್ಮ ದೊಡ್ಡಮ್ಮನ ಬೆರಳಿಗೆ ಈಳಿಗೆ ತಾಗಿ, ತಿಂಗಳು ಕಳೆದರೂ ಪಟ್ಟಿ ಬಿಚ್ಚಿರಲಿಲ್ಲ. ಸಕ್ಕರೆ ಕಾಯಿಲೆಯೇನೋ ಎಂದು ರಕ್ತ ಪರೀಕ್ಷೆ ಮಾಡಿಸಿದ್ದೂ ಆಯಿತು. ಅವಳಿಗೆ ನಿದ್ದೆ ಇದೆಯೇ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಈ ದೊಡ್ಡಪ್ಪನೂ ಸೇರಿ.

ಗಾಯ ಮಾಯಬೇಕಾದರೆ ಮೊದಲು ಅದು ಕೆಂಪಾಗಿ ಊದಬೇಕು. ರಿಪೇರಿಯ ಜೀವಕೋಶಗಳು ಅಲ್ಲಿಗೆ ಬರುವುದೇ ಆಗ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಗ್ರಂಥಿಗಳಿಂದ ಒತ್ತಡದಲ್ಲಿ ಒಸರುವ ಕಾರ್ಟಿಸಾಲ್ ಆ ಊತವನ್ನೇ ಅದುಮುತ್ತದೆ. ಗಂಟೆಗಳ ಮಟ್ಟಿಗೆ ಅದರಿಂದ ಉಪಕಾರವೇ. ವಾರಗಟ್ಟಲೆ ಹಾಗೇ ಒಸರಿದರೆ ಕಷ್ಟ.

ಹಾಗಾಗಿ ರಾತ್ರಿ ಎರಡರವರೆಗೆ ಓದುವ ಶೌರ್ಯ ಬಿಡು. ಒತ್ತಡ ತೀರಾ ತಡೆಯದಾದಾಗ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇನ್ನು, ಎಲ್ಲ ಹುಣ್ಣಿಗೂ ಪರೀಕ್ಷೆಯನ್ನೇ ದೂರಬೇಡ. ಕಬ್ಬಿಣದ ಅಂಶ, ಬಿ12 ಕಡಿಮೆಯಾದರೂ ಬರುತ್ತದೆ. ಮೂರು ವಾರವಾದರೂ ಮಾಯದಿದ್ದರೆ ಪರೀಕ್ಷೆ ಮುಗಿಯಲಿ ಎಂದು ಕಾಯದೆ ದಂತವೈದ್ಯರಿಗೆ ತೋರಿಸು.

ಇಂತಿ,
ನಿನ್ನ ದೊಡ್ಡಪ್ಪ