ತಕ್ಕಡಿ ಏರಿದ ಸೂರ್ಯಕಾಂತಿ

ಇಂಗ್ಲೆಂಡಿನ ಇಂದಿನ ಲಂಡನ್ ಮಹಾನಗರದೊಳಗೆ ಟೆಡಿಂಗ್‌ಟನ್ ಎಂಬ ಊರಿದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಇದ್ದನು. ಧರ್ಮೋಪದೇಶ ಆತನ ವೃತ್ತಿ. ಅಳೆಯುವುದು, ತೂಗುವುದು ಆತನ ಹವ್ಯಾಸ. 1724ರ ಬೇಸಿಗೆಯಲ್ಲಿ ಆತನು ಕುಂಡದಲ್ಲಿ ಬೆಳೆದ ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡವೊಂದನ್ನು ಆರಿಸಿಕೊಂಡನು. ಮಣ್ಣಿನ ತೇವ ನೇರವಾಗಿ ಆರಿಹೋಗದಂತೆ ಕುಂಡದ ಬಾಯನ್ನು ಸೀಸದ ತಗಡಿನಿಂದ ಮುಚ್ಚಿ, ನೀರೆರೆಯಲು ಸಣ್ಣ ಕೊಳವೆಯನ್ನಿಟ್ಟು, ಅದಕ್ಕೂ ಬಿರಡೆ ಹಾಕಿದನು. ಜುಲೈ 3ರಿಂದ ಆಗಸ್ಟ್ 8ರವರೆಗಿನ ಅವಧಿಯಲ್ಲಿ ಹದಿನೈದು ದಿನ ಬೆಳಿಗ್ಗೆ ಸಂಜೆ ಅದನ್ನು ತೂಗಿದನು. ಕುಂಡದ ಮೈಯಿಂದಲೇ ಜಿನುಗಿ ಆರುವ ನೀರನ್ನು ಬೇರೆಯಾಗಿ ಅಳೆದು ಕಳೆಯುವಷ್ಟು ಎಚ್ಚರ ಆತನಿಗಿತ್ತು. ಉಳಿದ ನಷ್ಟವೆಲ್ಲ ಗಿಡದ್ದು.

ಬಿಸಿಲು ಕಾದ ಒಣಹವೆಯ ದಿನ ಹನ್ನೆರಡು ಗಂಟೆಗಳಲ್ಲಿ ಆ ಗಿಡ ಕಳೆದುಕೊಂಡ ನೀರು 1 ಪೌಂಡು 14 ಔನ್ಸು, ಎಂದರೆ ಸುಮಾರು 850 ಗ್ರಾಂ. ಬೆಚ್ಚನೆಯ ಒಣ ರಾತ್ರಿಯಲ್ಲಿ ಅದು ಸುಮಾರು 3 ಔನ್ಸಿಗೆ ಇಳಿಯಿತು. ತುಸುವೇ ಇಬ್ಬನಿ ಬಿದ್ದ ರಾತ್ರಿ ಏನೂ ಕಳೆಯಲಿಲ್ಲ. ಇಬ್ಬನಿ ಹೇರಳವಾಗಿ ಸುರಿದಾಗಲಂತೂ ತೂಕ ಎರಡು ಮೂರು ಔನ್ಸು ಹೆಚ್ಚಿತು! ಗಿಡ ಅದೇ, ಕುಂಡ ಅದೇ. ಬದಲಾದುದು ಸುತ್ತಣ ಬೆಳಕು ಮತ್ತು ಹವೆ.

ಸಸ್ಯಗಳು ಆವಿಯ ರೂಪದಲ್ಲಿ ನೀರನ್ನು ಹೊರಬಿಡುವ ಈ ಕ್ರಿಯೆಗೆ ಬಾಷ್ಪವಿಸರ್ಜನೆ ಎಂದು ಹೆಸರು. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಅಸಂಖ್ಯಾತ ಪತ್ರರಂಧ್ರಗಳಿವೆ. ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಒಳಬರುವುದು ಈ ಬಾಗಿಲಿನಿಂದಲೇ. ನೀರಾವಿ ಹೊರಹೋಗುವುದೂ ಬಹುಮಟ್ಟಿಗೆ ಇದರಿಂದಲೇ. ಬಾಗಿಲು ತೆರೆದರೆ ದಾಹ, ಮುಚ್ಚಿದರೆ ಹಸಿವು. ಗಿಡದ ಬಾಳೆಲ್ಲ ಈ ಇಕ್ಕಟ್ಟಿನಲ್ಲಿಯೇ ಸಾಗುತ್ತದೆ.

ಬೆಳಕು ಬಿದ್ದಾಗ ಹೆಚ್ಚಿನ ಸಸ್ಯಗಳಲ್ಲಿ ಈ ರಂಧ್ರಗಳು ತೆರೆಯುತ್ತವೆ. ಕತ್ತಲಾದೊಡನೆ ಬಹುಮಟ್ಟಿಗೆ ಮುಚ್ಚುತ್ತವೆ. ಎಲೆಯ ಒಳಗಿನ ಗಾಳಿ ನೀರಾವಿಯಿಂದ ತುಂಬಿರುತ್ತದೆ. ಹೊರಗಿನ ಗಾಳಿ ಒಣಗಿದಷ್ಟೂ ಆವಿ ವೇಗವಾಗಿ ಹೊರಡುತ್ತದೆ. ಉಷ್ಣತೆ ಏರಿದರೆ ಆ ವೇಗ ಇನ್ನೂ ಹೆಚ್ಚುತ್ತದೆ. ಗಾಳಿ ನಿಶ್ಚಲವಾಗಿದ್ದರೆ ಎಲೆಯ ಸುತ್ತ ತೇವದ ತೆಳುಪದರವೊಂದು ನಿಂತು ನಷ್ಟವನ್ನು ತಡೆಯುತ್ತದೆ. ಬೀಸುಗಾಳಿ ಅದನ್ನು ಒರಸಿ ಒಯ್ಯುತ್ತದೆ. ಮಣ್ಣಿನಲ್ಲಿ ನೀರು ತೀರುತ್ತ ಬಂದಾಗ ಗಿಡ ಹಗಲಿನಲ್ಲಿಯೂ ಬಾಗಿಲು ಮುಚ್ಚಿಕೊಂಡು ಉಪವಾಸಕ್ಕೆ ಸಿದ್ಧವಾಗುತ್ತದೆ. ಆಗಲೂ ನೀರು ದೊರೆಯದಿದ್ದರೆ ಎಲೆ ಬಾಡಿ ಜೋಲುತ್ತದೆ.

ಒಣಭೂಮಿಯ ಗಿಡಗಳು ಈ ಕಷ್ಟಕ್ಕೆ ಬೇರೆ ಉಪಾಯಗಳನ್ನು ಕಂಡುಕೊಂಡಿವೆ. ನಮ್ಮ ಹಿತ್ತಿಲುಗಳ ಕಣಗಿಲೆಯ ಎಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರ ರಂಧ್ರಗಳು ಕೆಳಮೈಯಲ್ಲಿ, ರೋಮಗಳಿಂದ ಕೂಡಿದ ಕುಳಿಗಳೊಳಗೆ ಅಡಗಿರುವುದು ಕಾಣುತ್ತದೆ. ಬೀಸುಗಾಳಿಗೆ ಅವು ಸುಲಭವಾಗಿ ಸಿಕ್ಕುವುದಿಲ್ಲ. ಪಾಪಾಸುಕಳ್ಳಿಯದು ಇನ್ನೂ ಚಮತ್ಕಾರ: ಅದು ರಾತ್ರಿಯ ತಂಪಿನಲ್ಲಿ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಕೂಡಿಟ್ಟುಕೊಂಡು, ಹಗಲಿನಲ್ಲಿ ಬಾಗಿಲು ಹಾಕಿಕೊಂಡು ಅಡುಗೆ ಮಾಡುತ್ತದೆ.

ಬದನೆ, ಮೆಣಸಿನಕಾಯಿಗಳ ಸಸಿಗಳಿಗೆ ಇಂತಹ ಅನುಕೂಲವಿಲ್ಲ. ಮಡಿಯಿಂದ ಕಿತ್ತಾಗ ಅವುಗಳ ಎಳೆಬೇರುಗಳು ಹರಿದಿರುತ್ತವೆ. ಎಲೆ ಕೇಳುವಷ್ಟು ನೀರನ್ನು ಬೇರು ಒದಗಿಸಲಾರದು. ಆದುದರಿಂದಲೇ ಅನುಭವಸ್ಥ ರೈತನು ನಡು ಹಗಲಿನಲ್ಲಿ ಸಸಿ ನೆಡುವುದಿಲ್ಲ. ಹೊತ್ತು ಇಳಿದ ಮೇಲೆ ನೆಟ್ಟು ನೀರೆರೆಯುತ್ತಾನೆ. ಮರುದಿನದ ಬಿಸಿಲು ಏರುವಷ್ಟರಲ್ಲಿ ಸಸಿಯ ಬೇರಿಗೆ ಒಂದು ಇಡೀ ರಾತ್ರಿಯ ಬಿಡುವು ದೊರೆತಿರುತ್ತದೆ.