ಹದಿಮೂರನೆಯ ಕಂತು

ಕಳೆದ ತಿಂಗಳು ಫೋನ್ ಬದಲಾಯಿಸಿದೆ. ಮನೆಯ ವೈಫೈ ಸ್ಪೀಕರ್ ಹಾಡಬೇಕಾದರೆ ಬೇಕಾದ ಆಪ್ ಹೊಸ ಫೋನಿಗೆ ಇಳಿಯಲೇ ಇಲ್ಲ. ಸಹಾಯವಾಣಿಗೆ ಮೂರು ಸಲ ಕರೆ ಮಾಡಿದ ಮೇಲೆ ತಿಳಿಯಿತು: ಆ ಮಾದರಿಯನ್ನು ಕಂಪನಿ ಕೈಬಿಟ್ಟಿದೆ. ಸ್ಪೀಕರ್ ಕೆಟ್ಟಿಲ್ಲ, ಕೋನು ಹರಿದಿಲ್ಲ. ಆದರೆ ಅದಕ್ಕೆ ಬ್ಲೂಟೂತ್ ಇಲ್ಲ, ತಂತಿ ಚುಚ್ಚುವ ಆಕ್ಸ್ ಇಲ್ಲ. ಆಪ್ ಹೋಯಿತೆಂದರೆ ಬಾಯಿ ಹೋದ ಹಾಗೆ. ಐದು ವರ್ಷದ ಹಿಂದೆ ಇಂಥ ಎರಡು ಸ್ಪೀಕರಿಗೆ 48,000 ರೂಪಾಯಿ ಕೊಟ್ಟಿದ್ದೆ.

48,000 ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಹಳೆಯ ಕಾರ್ಡ್ ಸ್ಟೇಟ್‌ಮೆಂಟುಗಳನ್ನು ತೆಗೆದು ಕೂತಾಗ ಅದೂ ಸುಳ್ಳಾಯಿತು.

ಸ್ಪೀಕರ್ ಕೊಳ್ಳಲು ಮೈಸೂರಿನ ಒಂದು ಅಂಗಡಿಗೆ ಹೋಗುವಾಗ ನನ್ನ ಲೆಕ್ಕ ಇದ್ದದ್ದು 20,000. ಅಮ್ಮನಿಗೆ ಬೆಳಿಗ್ಗೆ ಭೀಮಸೇನ ಜೋಶಿಯವರ ದಾಸರ ಪದ ಬೇಕು, ನನಗೆ ರಾತ್ರಿ ಮಲ್ಲಿಕಾರ್ಜುನ ಮನ್ಸೂರರು. ಹನ್ನೆರಡು ಅಡಿಗೆ ಹದಿನಾಲ್ಕು ಅಡಿ ಹಾಲು. ಅಲ್ಲಿ ಹಾಡಿದರೆ ಅಡುಗೆಮನೆಗೂ ಕೇಳುತ್ತದೆ. ಅಂಗಡಿಯ ಹುಡುಗ, 'ತಿಂಗಳಿಗೆ ನಾಲ್ಕೇ ಸಾವಿರ ಸರ್, ನೋ ಕಾಸ್ಟ್ ಇಎಂಐ. ಹಾಲಿಗೊಂದು, ಅಡುಗೆಮನೆಗೊಂದು ಇಟ್ಕೊಳ್ಳಿ' ಅಂದ. 'ಒಟ್ಟಿಗೆ ಕೊಡೋದಾದ್ರೆ 45,000ಕ್ಕೆ ಬಿಡ್ತೀನಿ' ಅಂತ ಮಾಲೀಕರೂ ಹೇಳಿದ್ದರು. ನನ್ನ ಕಿವಿಗೆ ಬಿದ್ದದ್ದು ನಾಲ್ಕು ಸಾವಿರ ಒಂದೇ. ಎರಡು ಪೆಟ್ಟಿಗೆ ಹೊತ್ತು ಮನೆಗೆ ಬಂದೆ.

ಈಗ ಲೆಕ್ಕ ನೋಡಿ. ನಾಲ್ಕು ಸಾವಿರದಂತೆ ಹನ್ನೆರಡು ಕಂತು, ಅಲ್ಲಿಗೆ 48,000. ಬ್ಯಾಂಕಿನ ಪುಸ್ತಕದಲ್ಲಿ ನನ್ನ ಸಾಲ ಮಾತ್ರ 44,317. ತಿಂಗಳು ತಿಂಗಳು ಇಳಿಯುವ ಬಾಕಿಯ ಮೇಲೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ, ಒಟ್ಟು 3,683. ಇಷ್ಟನ್ನು ಬೆಲೆಯಲ್ಲೇ ರಿಯಾಯಿತಿಯಾಗಿ ಬಿಟ್ಟಿದ್ದರು, ಹಾಗಾಗಿ ಅದು 'ನೋ ಕಾಸ್ಟ್'. ಆದರೆ ಆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಯಾರೂ ಬಿಡಲಿಲ್ಲ: 663 ರೂಪಾಯಿ. ಪ್ರೊಸೆಸಿಂಗ್ ಶುಲ್ಕ 299, ಅದರ ಮೇಲಿನ ಜಿಎಸ್‌ಟಿ 54. ಎಲ್ಲ ಸೇರಿ ಕೈಯಿಂದ ಹೋದದ್ದು 49,016. ಒಟ್ಟಿಗೆ ಕೊಟ್ಟಿದ್ದರೆ 45,000. ವ್ಯತ್ಯಾಸ 4,016. ಇಡೀ ಒಂದು ಕಂತಿನಷ್ಟು ಹೆಚ್ಚಿಗೆ ಹೋಯಿತು; ಅದನ್ನೇ ನಾನು ಹದಿಮೂರನೆಯ ಕಂತು ಅನ್ನುವುದು.

ನೋ ಕಾಸ್ಟ್ ಇಎಂಐ ಅನ್ನುವ ಮಾತೇ ನನಗೀಗ ಸಹಿಸದು. ಬಡ್ಡಿಯಿಲ್ಲದ ಕಂತು ಎಂಬುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಹೆಸರು ಬದಲಾಯಿಸಿಕೊಂಡು ಅದೇ ಸರಕು ಪ್ರತಿ ದಸರಾ ದೀಪಾವಳಿಗೆ ಅಂಗಡಿ ಮುಂದೆ ನಿಲ್ಲುತ್ತದೆ. 4,016ಕ್ಕಿಂತ ದೊಡ್ಡ ನಷ್ಟವೂ ಒಂದಿದೆ. ಕಂತು ಇಲ್ಲದಿದ್ದರೆ ನಾನು 20,000 ದಾಟುತ್ತಲೇ ಇರಲಿಲ್ಲ.

ನಮ್ಮ ಅಪ್ಪ ರೇಡಿಯೋ ಕೊಳ್ಳಲು ದುಡ್ಡು ಕೂಡಿಟ್ಟು, ಕೂಡಿದ ಮೇಲೆ ಅಂಗಡಿ ಮೆಟ್ಟಿಲು ಹತ್ತಿದವರು. ತಿಂಗಳಿಗೆ ನಾಲ್ಕು ಸಾವಿರ ಕಟ್ಟುವ ಶಕ್ತಿ ನಿಮಗಿದ್ದರೆ ಆರು ತಿಂಗಳು ಆರ್‌ಡಿ ಕಟ್ಟಿ. ಕೈಯಲ್ಲಿ 24,000 ಇರುತ್ತದೆ, ಮೇಲೆ ಒಂದಿಷ್ಟು ಬಡ್ಡಿ. ಆರು ತಿಂಗಳಾದ ಮೇಲೂ ಆಸೆ ಉಳಿದಿದ್ದರೆ ಕೊಳ್ಳಿ. ಮಕ್ಕಳ ಎದುರಿಗೇ ಹೀಗೆ ಮಾಡಿ. ಬೆಲೆ ಕೇಳುವುದನ್ನು ಬಿಟ್ಟು ಕಂತು ಕೇಳುವ ಚಾಳಿ ಅವರಿಗೆ ನಮ್ಮಿಂದಲೇ ಅಂಟುತ್ತಿದೆ.

ಸ್ಪೀಕರಿನ ಆಯ್ಕೆಯ ಬಗ್ಗೆ ಹೇಳಬೇಕಾದ್ದು ಸ್ವಲ್ಪವೇ. ಡಬ್ಬದ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವಾಟ್ ಬರೆದಿದ್ದರೆ ನಂಬಬೇಡಿ, ಸತತವಾಗಿ ಕೊಡುವ ಶಕ್ತಿ ಎಷ್ಟು, ಅಂದರೆ ಆರ್‌ಎಂಎಸ್ ಎಷ್ಟು ಅಂತ ಕೇಳಿ. ಹಾಲಿಗೆ 40 ವಾಟ್ ಧಾರಾಳ. ಬ್ಲೂಟೂತಿನ ಎಲ್‌ಡಿಎಸಿ ಕೋಡೆಕ್ ಸೆಕೆಂಡಿಗೆ 990 ಕಿಲೋಬಿಟ್ ಒಯ್ಯಬಹುದು, ಆದರೆ ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯಲ್ಲಿ ಇಲ್ಲದ್ದನ್ನು ತಂದುಕೊಡಲಾರದು. ವೈಫೈ ಸ್ಪೀಕರಿನಲ್ಲಿ ಫೋನ್ ಕರೆ ಬಂದರೂ ಸಾಮಾನ್ಯವಾಗಿ ಹಾಡು ನಿಲ್ಲುವುದಿಲ್ಲ, ಅದು ನಿಜವಾದ ಅನುಕೂಲ. ಆದರೆ ಕರೆಂಟು ಹೋಗಿ ರೂಟರ್ ಆರಿದರೆ ಇಂಟರ್ನೆಟ್ಟಿನ ಹಾಡೂ ಆರುತ್ತದೆ. ಹಿಂಬದಿಯಲ್ಲಿ ಆಕ್ಸ್ ಇದೆಯೋ ಇಲ್ಲವೋ ಅದನ್ನು ಮೊದಲು ನೋಡಿ. ಯಾವ ಕಂಪನಿ ಆಪ್ ನಿಲ್ಲಿಸಿದರೂ ತಂತಿ ನಿಲ್ಲುವುದಿಲ್ಲ. ಪಾರ್ಟಿ ಸ್ಪೀಕರುಗಳ ಬಾಸ್‌ನಲ್ಲಿ ತಬಲಾದ ಡಗ್ಗಾ ಗುಡುಗಿ ತಂಬೂರಿಯೇ ಮುಳುಗುತ್ತದೆ. ಶ್ರುತಿ ಕೇಳಿಸದ ಪೆಟ್ಟಿಗೆಯಲ್ಲಿ ಮನ್ಸೂರರನ್ನು ಕೇಳಿ ಏನು ಪ್ರಯೋಜನ?

ಈಗ ಹಾಲಿನಲ್ಲಿರುವುದು ಬ್ಲೂಟೂತ್, ಆಕ್ಸ್ ಎರಡೂ ಇರುವ ಪವರ್ಡ್ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ. ಬೆಲೆ 11,500, ಯುಪಿಐನಲ್ಲಿ ಒಂದೇ ಸಲಕ್ಕೆ ಕೊಟ್ಟೆ. ಬೆಳಿಗ್ಗೆ ಅಮ್ಮ ಅಡುಗೆಮನೆಯಿಂದಲೇ ಪದಕ್ಕೆ ದನಿಗೂಡಿಸುತ್ತಾರೆ.

ನೀವು ಅಂಗಡಿಗೆ ಹೋಗುವ ದಿನ ಕ್ರೆಡಿಟ್ ಕಾರ್ಡನ್ನು ಮನೆಯಲ್ಲೇ ಬಿಡಿ. ಬಾಯಿಪಾಠವಾಗಿರುವ ಒಂದು ಹಾಡನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಪೂರ್ತಿ ಹಾಕಿಸಿ ಕೇಳಿ.